ಬೀಟಾ ಕ್ಷಯದ ಲೆಕ್ಕಕ್ಕೆ ತಂದ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್: ಏಳು ತಿಂಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ಗೇಮ್ ಆಡಲು, ಮದುವೆ ವಿಡಿಯೊ ಎಡಿಟ್ ಮಾಡಲು ಕಂಪ್ಯೂಟರ್ ಹುಡುಕುತ್ತಿರುವವರಿಗೆ ಈ ರಿವ್ಯೂ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ನಾನು ಇದನ್ನು ತಂದದ್ದು ಭಾರದ ನ್ಯೂಕ್ಲಿಯಸ್‌ಗಳ ಬೀಟಾ ಕ್ಷಯದ ಲೆಕ್ಕ ಹಾಕಲು. ವಿಜಯಪುರದಲ್ಲಿ ಈ ಕೆಲಸಕ್ಕೆ ಕಂಪ್ಯೂಟರ್ ಕೊಂಡವರು ಇನ್ನೂ ಯಾರಾದರೂ ಇದ್ದಾರೋ ಏನೋ, ಆ ಅಂಗಡಿಯವನಿಗಂತೂ ನಾನೇ ಮೊದಲ ಗಿರಾಕಿ.

ನಾನು ಊರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಪಿಎಚ್‌ಡಿ ಪಾರ್ಟ್ ಟೈಮ್. ಅಂದರೆ ಹಗಲು ಕ್ಲಾಸು, ಸಂಜೆ ಇಂಟರ್ನಲ್ ಪೇಪರ್ ತಿದ್ದುವುದು, ರೊಟ್ಟಿ ಬಡಿದು ಎಲ್ಲರ ಊಟ ಮುಗಿದ ಮೇಲೆ ಉಳಿದ ಹೊತ್ತೇ ಸಂಶೋಧನೆ. ನಾಲ್ಕು ವರ್ಷ ಒಂದು 8 ಜಿಬಿ ಲ್ಯಾಪ್‌ಟಾಪ್‌ನಲ್ಲೇ ತಳ್ಳಿದೆ. ಕೊನೆಗೆ ಅದು ಲೆಕ್ಕದ ನಡುವೆ ಸುಮ್ನೆ ನಿಂತುಬಿಡುತ್ತಿತ್ತು. ಸ್ಕ್ರೀನ್ ಮೇಲೆ ಮೆಮೊರಿ ಸಾಲದು ಅಂತ ಒಂದು ಸಾಲು, ಅಷ್ಟೆ.

ಯಾಕೆ ಸಾಲದು ಅಂತ ಹೇಳದೆ ಈ ಮಷಿನ್ ಬಗ್ಗೆ ಏನು ಹೇಳಿದರೂ ಅರ್ಥ ಆಗುವುದಿಲ್ಲ. ಅದಕ್ಕೆ ಸ್ವಲ್ಪ ಹೊತ್ತು ಪಾಠ.

ಬೀಟಾ ಕ್ಷಯ ಅಂದರೆ ನ್ಯೂಕ್ಲಿಯಸ್ ಒಳಗಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುವುದು. ಆಗ ಒಂದು ಎಲೆಕ್ಟ್ರಾನ್, ಒಂದು ಆ್ಯಂಟಿನ್ಯೂಟ್ರಿನೊ ಹೊರಬೀಳುತ್ತವೆ. ಇದರ ಸಿದ್ಧಾಂತವನ್ನು ಫರ್ಮಿ 1934ರಲ್ಲೇ ಬರೆದಿಟ್ಟ. ನ್ಯೂಟ್ರಾನ್ ಒಂಟಿಯಾಗಿದ್ದರೆ ಕಥೆ ಸುಲಭ, ಅರ್ಧಾಯು (ಇದ್ದದ್ದರಲ್ಲಿ ಅರ್ಧ ಕ್ಷಯ ಆಗಲು ಹಿಡಿಯುವ ಹೊತ್ತು) ಸುಮಾರು 10 ನಿಮಿಷ. ಆದರೆ ಸೀಸದಂಥ ನ್ಯೂಕ್ಲಿಯಸ್‌ನಲ್ಲಿ 200ಕ್ಕೂ ಜಾಸ್ತಿ ಕಣಗಳು ಒಂದನ್ನೊಂದು ಎಳೆದಾಡಿಕೊಂಡು ಕೂತಿರುತ್ತವೆ. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ನಿಂತು ನೋಡಿ. ಒಬ್ಬ ಪಕ್ಕಕ್ಕೆ ಸರಿದರೆ ಹತ್ತು ಮಂದಿ ಅಲುಗಾಡುತ್ತಾರೆ. ಇಲ್ಲೂ ಹಾಗೇ. ಒಂದು ನ್ಯೂಟ್ರಾನ್ ಬದಲಾಗಬೇಕಾದರೆ ಹೊಸ ಪ್ರೋಟಾನಿಗೆ ಜಾಗ ಇರಬೇಕು, ಉಳಿದವರೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ನಾನು ಬಳಸುವ ವಿಧಾನದ ಹೆಸರು ಕ್ಯೂಆರ್‌ಪಿಎ. ಹೆಸರು ಬಿಡಿ, ಕೆಲಸ ಇಷ್ಟೆ: ಯಾವ ಜಾಗದ ನ್ಯೂಟ್ರಾನ್ ಯಾವ ಜಾಗದ ಪ್ರೋಟಾನ್ ಆಗಬಹುದು ಅಂತ ಜೋಡಿಗಳ ಪಟ್ಟಿ ಮಾಡಬೇಕು. ಒಂದು ಜೋಡಿ ಇನ್ನೊಂದನ್ನು ಎಷ್ಟು ಎಳೆಯುತ್ತದೆ ಅನ್ನುವುದನ್ನು ಒಂದು ಚೌಕದ ಕೋಷ್ಟಕದಲ್ಲಿ ತುಂಬಬೇಕು. ಆಮೇಲೆ ಆ ಕೋಷ್ಟಕ ಬಿಡಿಸಬೇಕು. ನ್ಯೂಕ್ಲಿಯಸ್ ಚೆಂಡಿನಂತೆ ದುಂಡಗಿದ್ದರೆ ಜೋಡಿಗಳು ಕಡಿಮೆ, ಲ್ಯಾಪ್‌ಟಾಪೇ ಸಾಕು. ತತ್ತಿಯಂತೆ ಉದ್ದವಾಗಿದ್ದರೆ ಜೋಡಿಗಳು ಹತ್ತಾರು ಸಾವಿರ. 50 ಸಾವಿರ ಅಂತಲೇ ಹಿಡಿಯಿರಿ. 50 ಸಾವಿರ ಸಾಲು, 50 ಸಾವಿರ ಕಂಬ, ಒಟ್ಟು 250 ಕೋಟಿ ಅಂಕಿ. ಒಂದೊಂದಕ್ಕೆ 8 ಬೈಟ್ ಅಂದರೆ 20 ಜಿಬಿ. ಇಂಥ ಕೋಷ್ಟಕ ಎರಡು ಬೇಕು, 40 ಜಿಬಿ. ಬಿಡಿಸುವಾಗ ಪಕ್ಕದಲ್ಲಿ ಕಚ್ಚಾ ಲೆಕ್ಕಕ್ಕೆ ಮತ್ತೆ ಜಾಗ. ಜೋಡಿ ಎರಡು ಪಟ್ಟಾದರೆ ಹಿಡಿಯುವ ಟೈಮು ಎರಡು ಪಟ್ಟಲ್ಲ, ಎಂಟು ಪಟ್ಟು. ಶೆಲ್ ಮಾಡೆಲ್ ಅಂತ ಇನ್ನೂ ನಿಖರವಾದ ವಿಧಾನ ಇದೆ. ಆದರೆ ಅದು ಸೀಸ-208ರ (ಪ್ರೋಟಾನ್, ನ್ಯೂಟ್ರಾನ್ ಸೇರಿ ಒಟ್ಟು 208 ಕಣಗಳ ಸೀಸ) ಅಕ್ಕಪಕ್ಕದಲ್ಲಷ್ಟೇ ನಮ್ಮಂಥವರ ಕೈಗೆ ಸಿಗುತ್ತದೆ. ಅಲ್ಲಿಂದ ದೂರ ಹೋದರೆ ಸೂಪರ್ ಕಂಪ್ಯೂಟರ್ ಕೂಡ ಕೈ ಎತ್ತುತ್ತದೆ.

ಹೀಗಾಗಿ ನನಗೆ ಬೇಕಾಗಿದ್ದದ್ದು ರ‍್ಯಾಮ್. ಹೊಸ ಮಷಿನ್‌ನಲ್ಲಿ ಅಷ್ಟು ರ‍್ಯಾಮ್ ಹಾಕಿಸಿಕೊಳ್ಳಲು ನನ್ನ ಸಂಬಳಕ್ಕೆ ಆಗದು. ಗೈಡ್ ಹೇಳಿದರು, ದೊಡ್ಡ ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್ ನೋಡು ಅಂತ.

ಅಂಗಡಿ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ, ಮೊದಲ ಮಹಡಿಯಲ್ಲಿದೆ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಒಳಗೆ ಹೋದರೆ ಬೆಸುಗೆಯ ವಾಸನೆ, ಗೋಡೆಗೆ ಒರಗಿಸಿಟ್ಟ ಮಾನಿಟರ್‌ಗಳು, ನಡುವೆ ಒಂದು ಸ್ಟೂಲು. ಹೆಸರು ಬರೆಯುತ್ತಿಲ್ಲ. ಬರೆಯಲೇನಪ್ಪ ಅಂತ ಕೇಳಿದೆ, ಅವನೇ ಬೇಡ ಅಂದ. "ನಿಮಗ ಕೊಟ್ಟ ರೇಟು ಎಲ್ಲಾರೂ ಕೇಳ್ತಾರ್ರಿ ಆಮ್ಯಾಲ" ಅಂತ.

ಮೊದಲ ದಿನದ ಮಾತುಕತೆ ನೆನಪಿದೆ.

"ಏನ್ ಕೆಲಸಕ್ಕ ಬೇಕ್ರಿ ಅಕ್ಕಾರ?"

"ಲೆಕ್ಕ ಮಾಡಾಕ."

"ಟ್ಯಾಲಿಗೆ ಇಷ್ಟ್ ದೊಡ್ಡ ಮಷಿನ್ ಬ್ಯಾಡ್ರಿ. ಅಲ್ಲೈತಿ ನೋಡ್ರಿ, ಹದಿನಾಲ್ಕ್ ಸಾವಿರದ್ದು."

"ಆ ಲೆಕ್ಕ ಅಲ್ಲಪಾ. ಫಿಸಿಕ್ಸ್ ಲೆಕ್ಕ. ಒಂದ್ ಸಲ ಹಚ್ಚಿದ್ರ ಎರಡ್ ದಿನ ಓಡತೈತಿ."

"ಎರಡ್ ದಿನಾ? ಅಷ್ಟೊತ್ತು ಏನ್ ಕೂಡಸ್ತೈತ್ರಿ ಅದು?"

ಆಗ ಅವನಿಗೂ ಕುತೂಹಲ ಹುಟ್ಟಿತು. ಒಳಗಿನಿಂದ ಒಂದು ಕರಿ ಡಬ್ಬ ಎಳೆದು ತಂದ. ಎರಡು ಪ್ರೊಸೆಸರ್, ಒಂದೊಂದರಲ್ಲಿ 12 ಕೋರ್. ರ‍್ಯಾಮ್ 16 ಜಿಬಿಯ ಎಂಟು ಪಟ್ಟಿ, ಒಟ್ಟು 128. ಯಾವುದೋ ಕಂಪನಿಯ ಲೀಸ್ ಮುಗಿದ ಮಾಲು, ಬದಿಗೆ ಅಂಟಿಸಿದ ಬಾರ್‌ಕೋಡ್ ಕೆರೆದಿದ್ದರು. 65 ಸಾವಿರ ಅಂದ. ನಾನು 48 ಅಂದೆ. ಚಹಾ ಬಂತು. 54ಕ್ಕೆ ಮುಗಿಯಿತು. ಬಿಲ್ಲಿನ ಕೆಳಗೆ ಪೆನ್ನಿನಲ್ಲಿ "3 ತಿಂಗಳ ವಾರಂಟಿ" ಅಂತ ಬರೆಸಿಕೊಂಡೆ. ಇದನ್ನು ಮಾತ್ರ ಮರೆಯಬೇಡಿ. ಬಾಯಿಮಾತಿನಲ್ಲಿ ಅವನು ಹೇಳಿದ್ದು ಒಂದೇ ತಿಂಗಳು.

ಅಂಗಡಿಯಲ್ಲೇ ಚಾಲೂ ಮಾಡಿ 128 ತೋರಿಸಿದ್ದ, ನಾನೇ ಕಣ್ಣಾರೆ ನೋಡಿದ್ದೆ. ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. 20 ಕಿಲೊ ಇರಬೇಕು, ಪ್ರತಿ ಹಂಪ್‌ಗೂ ಮೊಣಕಾಲಿಗೆ ಪೆಟ್ಟು. ಮನೆಯಲ್ಲಿ ಹಚ್ಚಿದರೆ 112 ತೋರಿಸುತ್ತಿದೆ. ಒಂದು ಪಟ್ಟಿ ಮಾಯ! ದಾರಿಯಲ್ಲಿ ಯಾರು ಕದಿಯುತ್ತಾರೆ ಹೇಳಿ? ಮೋಸ ಹೋದೆ ಅಂತಲೇ ಅಂದುಕೊಂಡೆ. ಮರುದಿನ ಕ್ಲಾಸ್ ಮುಗಿಸಿ, ಸಿಟ್ಟಿನಲ್ಲಿ, ಮತ್ತೆ ಆಟೊ, ಮತ್ತೆ ಮೊಣಕಾಲು.

ಅವನು ಏನೂ ಮಾತಾಡಲಿಲ್ಲ. ಮುಚ್ಚಳ ತೆಗೆದ. ಒಂದೊಂದೇ ಪಟ್ಟಿಯ ಕ್ಲಿಪ್ ಒತ್ತಿ ಹೊರಗೆ ತೆಗೆದ. ಮೇಜಿನ ಖಾನೆಯಿಂದ ಶಾಲೆ ಮಕ್ಕಳ ರಬ್ಬರ್ ತೆಗೆದ, ಒಂದು ಮೂಲೆ ಪೂರಾ ಸವೆದು ಕರ್ರಗಾದದ್ದು. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಸಾಲಾಗಿ ಹಳದಿ ಹಲ್ಲುಗಳಿರುತ್ತವಲ್ಲ, ಅವುಗಳ ಮೇಲೆ ಆ ರಬ್ಬರಿನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿದ. ಕರಿ ಪುಡಿ ಉದುರಿತು. ಬಾಯಿಂದ ಊದಲಿಲ್ಲ, ಎಂಜಲು ಹಾರುತ್ತದೆ ಅಂತ ಸಣ್ಣ ಬ್ರಷ್‌ನಿಂದ ಒರೆಸಿದ. ಐದನೇ ಪಟ್ಟಿ ಉಜ್ಜುವಾಗ ತಲೆ ಎತ್ತಿ, "ಬಂಗಾರರೀ ಇದು. ಖರೇ ಬಂಗಾರ. ತೆಳ್ಳಗ ಬಳದಿರ್ತಾರ" ಅಂದ.

ನನಗೆ ನಗು ಬಂತು. ನನ್ನ ಇಡೀ ಥೀಸಿಸ್ ಆ ಹಳದಿ ಹಲ್ಲಿನ ಬಗ್ಗೆಯೇ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಕಬ್ಬಿಣಕ್ಕಿಂತ ಭಾರದ ಧಾತುಗಳಲ್ಲಿ ಸುಮಾರು ಅರ್ಧ ಹುಟ್ಟುವುದು, ನ್ಯೂಟ್ರಾನ್‌ಗಳ ಮಳೆಯೇ ಸುರಿಯುವಂಥ ಜಾಗದಲ್ಲಿ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದದ್ದನ್ನು ಗುರುತ್ವದ ಅಲೆಗಳಲ್ಲಿ ಹಿಡಿದರಲ್ಲ, ಅಂಥ ಜಾಗ. ನ್ಯೂಕ್ಲಿಯಸ್‌ಗಳು ಗಬಗಬ ನ್ಯೂಟ್ರಾನ್ ನುಂಗುತ್ತಾ ಹೋಗುತ್ತವೆ. ನ್ಯೂಟ್ರಾನ್ ಸಂಖ್ಯೆ 126 ಮುಟ್ಟಿದಾಗ ಆ ಓಟಕ್ಕೆ ತಡೆ ಬೀಳುತ್ತದೆ, ಯಾಕೆಂದರೆ ನ್ಯೂಟ್ರಾನ್‌ಗಳು ಕೂರುವ ಮನೆಗಳ ಒಂದು ಸಾಲು 126ಕ್ಕೆ ಭರ್ತಿ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಬೀಟಾ ಕ್ಷಯವೇ ತೀರ್ಮಾನಿಸುತ್ತದೆ. ಅಲ್ಲಿ ಗುಡ್ಡೆ ಬಿದ್ದ ಮಾಲೇ ಆಮೇಲೆ ಒಂದೊಂದೇ ಬೀಟಾ ಕ್ಷಯದ ಮೆಟ್ಟಿಲು ಹತ್ತಿ ಪ್ಲಾಟಿನಮ್, ಚಿನ್ನ ಆಗುವುದು. ಪ್ರಕೃತಿಯಲ್ಲಿ ಸಿಗುವ ಚಿನ್ನವೆಲ್ಲ ಚಿನ್ನ-197. ಅದರ ಹಿಂದಿನ ಮೆಟ್ಟಿಲು ಪ್ಲಾಟಿನಮ್-197, ಅರ್ಧಾಯು ಸುಮಾರು 20 ಗಂಟೆ.

ಅವನಿಗೆ ಇಷ್ಟನ್ನು ಹೇಳಿದೆ. ರಬ್ಬರ್ ಹಿಡಿದ ಕೈ ನಿಂತಿತು.

"ಹಂಗಾದ್ರ ಪ್ಲಾಟಿನಮ್ ತಂದಿಟ್ಕೊಂಡು ಕೂತ್ರ ಬಂಗಾರ ಆಗತೈತೇನ್ರಿ?"

"ಅಂಗಡ್ಯಾಗ ಸಿಗೋದು ಆಗಂಗಿಲ್ಲ. 197ನೇದು ಬೇಕು. ಅದು ಇಪ್ಪತ್ ತಾಸಿಗೊಮ್ಮೆ ಅರ್ಧ ಆಗ್ಕೋತ ಹೋಗತೈತಿ, ನಮ್ಮ ಕೈಗೆ ಉಳಿಯಂಗಿಲ್ಲ."

"ಅಂದ್ರ ಬಂಗಾರನ ಲಗೂನ ಸಿಗತೈತಿ" ಅಂದು ಪಟ್ಟಿಗಳನ್ನು ತಿರುಗಿ ಕೂಡಿಸಿದ. 128 ಬಂತು. ದುಡ್ಡು ತೆಗೆದುಕೊಳ್ಳಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ, ಚಹಾ ಮಾತ್ರ ನಾನೇ ಹೇಳಿದೆ.

ಇನ್ನು ಮಷಿನ್ ಬಗ್ಗೆ. ಮೊದಲ ವಾರ ಸೀಸ-210 ಹಾಕಿದೆ. ಇದು ಎಲ್ಲ ಕಡೆ ಇರುವ ನ್ಯೂಕ್ಲಿಯಸ್. ಗಾಳಿಯಲ್ಲಿನ ರೇಡಾನ್ ಅನಿಲದಿಂದ ಹುಟ್ಟಿ ನೆಲಕ್ಕೆ ಇಳಿಯುತ್ತದೆ, ನಮ್ಮ ಬೇಗಂ ತಲಾಬದ ಹೂಳಿನಲ್ಲೂ ಇದ್ದೇ ಇರುತ್ತದೆ. ಅರ್ಧಾಯು ಸುಮಾರು 22 ವರ್ಷ ಅಂತ ಅಳೆದಿದ್ದಾರೆ. ನನ್ನ ಮಷಿನ್ ಕೊಟ್ಟ ಉತ್ತರ: ಅನಂತ. ನಿಜವಾಗಿ, ಸ್ಕ್ರೀನ್ ಮೇಲೆ ಇನ್‌ಫಿನಿಟಿ ಅಂತ ಬಂತು. ಅಂದರೆ ಈ ಸೀಸ ಎಂದೂ ಕ್ಷಯ ಆಗುವುದೇ ಇಲ್ಲ ಅಂತ.

ರ‍್ಯಾಮ್ ಮತ್ತೆ ಕೈಕೊಟ್ಟಿತು ಅಂತ ರಾತ್ರಿ ಒಂಬತ್ತಕ್ಕೆ ಅಂಗಡಿಯವನಿಗೆ ಫೋನ್ ಮಾಡಿದೆ. ಪಾಪ, ಊಟ ಮಾಡುತ್ತಿದ್ದ. ಇಡೀ ರಾತ್ರಿ ಮೆಮೊರಿ ಟೆಸ್ಟ್ ಓಡಿಸಿರಿ ಅಂದ. ಓಡಿಸಿದೆ. ಒಂದೂ ತಪ್ಪಿಲ್ಲ. ತಪ್ಪು ನನ್ನದೇ.

ಆಗಿದ್ದು ಇಷ್ಟು. ನನ್ನ ಪ್ರೋಗ್ರಾಂನಲ್ಲಿ ಗ್ಯಾಮೊವ್ ಮತ್ತು ಟೆಲ್ಲರ್ 1936ರಲ್ಲಿ ಹೇಳಿದ ಬಗೆಯ ಬದಲಾವಣೆಗೆ ಮಾತ್ರ ಅವಕಾಶ ಇತ್ತು. ಆ ಬಗೆಯಲ್ಲಿ ಪ್ಯಾರಿಟಿ ಬದಲಾಗುವಂತಿಲ್ಲ. ಪ್ಯಾರಿಟಿ ಅಂದರೆ, ಪ್ರತಿ ಮನೆಯ ಬಾಗಿಲಿಗೆ ಸಮ ಅಥವಾ ಬೆಸ ಅಂತ ಗುರುತು ಹಾಕಿದ ಹಾಗೆ ಅಂದುಕೊಳ್ಳಿ. ಸೀಸ-210ರಲ್ಲಿ 126ರ ಮೇಲಿನ ಎರಡು ನ್ಯೂಟ್ರಾನ್ ಕೂತಿರುವುದು ಸಮ ಗುರುತಿನ ಮನೆಯಲ್ಲಿ. ಸೀಸದಲ್ಲಿ ಪ್ರೋಟಾನ್ 82, ಹೊಸ ಪ್ರೋಟಾನಿಗೆ ಅವುಗಳ ಮೇಲೆ ಮೊದಲು ಸಿಗುವ ಮನೆ ಬೆಸ. ಸಮದಿಂದ ಬೆಸಕ್ಕೆ ದಾಟಬೇಕು, ನನ್ನ ಪ್ರೋಗ್ರಾಂ ಬಿಡುವುದಿಲ್ಲ. ಸಮದಿಂದ ಸಮಕ್ಕೆ ಹೋಗೋಣ ಅಂದರೆ ಅಂಥ ಮನೆಗಳು ಎತ್ತರದಲ್ಲಿವೆ, ಹತ್ತಲು ಶಕ್ತಿ ಸಾಲದು. ಹಾಗಾಗಿ ಅನಂತ. ಪ್ಯಾರಿಟಿ ದಾಟುವ ಬದಲಾವಣೆಯೂ ಆಗುತ್ತದೆ, ಆದರೆ ನಿಧಾನ. ಅದಕ್ಕೆ ಮೊದಲ ನಿಷಿದ್ಧ ಬಗೆ ಅಂತ ಹೆಸರು. ನಿಷಿದ್ಧ ಅಂತ ಹೆಸರಿಟ್ಟರೂ ಭಾರದ ನ್ಯೂಕ್ಲಿಯಸ್‌ಗಳಲ್ಲಿ ಅರ್ಧ ಸಂಸಾರ ನಡೆಯುವುದೇ ಅದರಿಂದ. 126ರ ಆಸುಪಾಸಿನಲ್ಲಂತೂ ಅದನ್ನು ಬಿಟ್ಟರೆ ಅರ್ಧಾಯು ನಿಜಕ್ಕಿಂತ ಉದ್ದ ಬರುತ್ತದೆ, ಚಿನ್ನ ಎಷ್ಟು ಹುಟ್ಟಬೇಕು ಅನ್ನುವ ಲೆಕ್ಕವೂ ಕೆಡುತ್ತದೆ.

ಅದನ್ನು ಸೇರಿಸಿ ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಮಷಿನ್ ಸುಮ್ನೆ ಬಟ್ಟೆ ಹೊದ್ದು ಕೂತಿತ್ತು, ಮೇಲೆ ಮಗಳ ಟ್ಯೂಷನ್ ಪುಸ್ತಕ. ಅಂಗಡಿಯವನಿಗೆ ಫೋನ್ ಮಾಡಿ ತಪ್ಪು ನಂದೇ ಅಂತ ಹೇಳಿದೆ. "ನಾ ಅಂದಿದ್ನೆಲ್ರಿ" ಅಂದ. ಅಂದಿರಲಿಲ್ಲ.

ಫೆಬ್ರುವರಿಯಲ್ಲಿ ಮತ್ತೆ ಶುರು. ಈ ಸಲ ಮೂರು ಸೀಸ ಒಟ್ಟಿಗೆ ಹಚ್ಚಿದೆ: 210, 212, 214. ಅಳೆದ ಅರ್ಧಾಯುಗಳನ್ನು ನೋಡಿ. 22 ವರ್ಷ, 10.6 ಗಂಟೆ, 27 ನಿಮಿಷ. ಎರಡೆರಡೇ ನ್ಯೂಟ್ರಾನ್ ಜಾಸ್ತಿ ಆದದ್ದಕ್ಕೆ ಇಷ್ಟು ವ್ಯತ್ಯಾಸ! ಕಾರಣ ಬಿಡುಗಡೆಯಾಗುವ ಶಕ್ತಿ. ಎಂಇವಿ ಅನ್ನುವ ಶಕ್ತಿಯ ಅಳತೆಯಲ್ಲಿ ಅದು 0.06, 0.57, 1.02. ಕ್ಷಯದ ವೇಗ ಸರಿಸುಮಾರು ಶಕ್ತಿಯ ಐದನೇ ಘಾತದಂತೆ ಏರುತ್ತದೆ. 212ರಿಂದ 214ಕ್ಕೆ ಶಕ್ತಿ ಎರಡು ಪಟ್ಟೂ ಆಗುವುದಿಲ್ಲ, ಐದನೇ ಘಾತ ತೆಗೆದರೆ 18 ಪಟ್ಟು. ಅಳೆದ ಅರ್ಧಾಯುಗಳ ಅಂತರ 24 ಪಟ್ಟು. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಹಾಕಿದ ಲೆಕ್ಕ ಇಷ್ಟು ಹತ್ತಿರ ಬರುತ್ತದೆ ಅಂದರೆ ಖುಷಿ ಆಗುತ್ತದೆ, ಅಲ್ವಾ?

ಆದರೆ ಇದೇ ಐದನೇ ಘಾತ ಕುತ್ತಿಗೆಗೂ ಬರುತ್ತದೆ. ಈ ಶಕ್ತಿ ಬರುವುದು ಕ್ಷಯದ ಮೊದಲಿನ ಮತ್ತು ನಂತರದ ತೂಕದ ವ್ಯತ್ಯಾಸದಿಂದ, ಆದರೆ ನ್ಯೂಕ್ಲಿಯಸ್‌ನ ತೂಕ ಹೇಳುವ ಒಳ್ಳೆಯ ಮಾದರಿಗಳೂ ಅರ್ಧ ಎಂಇವಿಯಷ್ಟು ತಪ್ಪುತ್ತವೆ. ಸೀಸ-210ರಲ್ಲಿ ಇರುವ ಶಕ್ತಿಯೇ 0.06, ತಪ್ಪು ಅದರ ಎಂಟು ಪಟ್ಟು! ಅಲ್ಲಿ ಅಳೆದ ಶಕ್ತಿಯನ್ನೇ ತಂದು ತುಂಬದೆ ಗತಿ ಇಲ್ಲ. ತುಂಬಿದರೂ 210 ನನಗೆ ಇನ್ನೂ ಸರಿ ಕೂಡಿಲ್ಲ. 214 ಎರಡು ಪಟ್ಟಿನ ಒಳಗೆ ಬಂದಿದೆ, ಈ ಧಂದೆಯಲ್ಲಿ ಅದು ಪಾಸ್ ಮಾರ್ಕ್. ಮಜಾ ಅಂದರೆ ಯಾರೂ ಅಳೆಯದ, ತೀರಾ ದೂರದ ನ್ಯೂಕ್ಲಿಯಸ್‌ಗಳೇ ಸುಲಭ. 10 ಎಂಇವಿ ಇರುವಲ್ಲಿ ಅರ್ಧ ಎಂಇವಿ ತಪ್ಪಿದರೆ ಉತ್ತರ 28 ಪರ್ಸೆಂಟ್ ಅಷ್ಟೇ ಅಲುಗುತ್ತದೆ. ಕಣ್ಣೆದುರಿನ ಬೇಗಂ ತಲಾಬದ ಸೀಸ ಕಷ್ಟ, ಸತ್ತ ತಾರೆಗಳೊಳಗಿನ ಮಾಲು ಸಲೀಸು.

ಇನ್ನೊಂದು ತಲೆಬಿಸಿ ಇದೆ. ಕ್ಷಯದ ಬಲ ಎಷ್ಟು ಅಂತ ಹೇಳುವ ಒಂದು ಅಂಕಿ ಇದೆ. ಒಂಟಿ ನ್ಯೂಟ್ರಾನ್‌ಗೆ ಹೊಂದುವ ಅದರ ಬೆಲೆ, 1.27, ನ್ಯೂಕ್ಲಿಯಸ್ ಒಳಗೆ ಹೋದರೆ ಸರಿ ಹೊಂದುವುದಿಲ್ಲ. ಅದಕ್ಕೆ ಎಲ್ಲರೂ ವರ್ಷಗಟ್ಟಲೆ ಅದನ್ನು 1ರ ಹತ್ತಿರ ಇಳಿಸಿ ಲೆಕ್ಕ ಮಾಡುತ್ತಾ ಬಂದರು. ಕ್ಷಯದ ವೇಗ ಆ ಅಂಕಿಯ ವರ್ಗದಂತೆ ಏರುತ್ತದೆ, 1.27ರ ವರ್ಗ 1.61, ಹಾಗಾಗಿ ಅರ್ಧಾಯು ಆ ಅಂಕಿಯ ಮೇಲೇ 61 ಪರ್ಸೆಂಟ್ ಆಚೀಚೆ. 2019ರಲ್ಲಿ ತವರ-100ರವರೆಗೆ ಮೂಲದಿಂದ ಲೆಕ್ಕ ಹಾಕಿ ತೋರಿಸಿದರು: ಕಣಗಳು ಜೋಡಿಯಾಗಿ ಕ್ಷಯದಲ್ಲಿ ಪಾಲುಗೊಳ್ಳುವುದನ್ನು, ಅವುಗಳ ನಡುವಿನ ಬಿಗಿ ನಂಟನ್ನು ಸರಿಯಾಗಿ ಸೇರಿಸಿದರೆ ಹೀಗೆ ಕೈಯಿಂದ ಇಳಿಸುವುದು ಬೇಕಾಗಿಲ್ಲ ಅಂತ. ಸೀಸದವರೆಗೆ ಅದನ್ನು ಒಯ್ಯಲು ನನ್ನ ಕರಿ ಡಬ್ಬದಿಂದ ಆಗದು. ನಾನು ಇನ್ನೂ 1 ಅಂತಲೇ ಹಾಕುತ್ತೇನೆ. ವೈವಾದಲ್ಲಿ ಈ ಪ್ರಶ್ನೆ ಬರುತ್ತದೆ, ಗೊತ್ತು.

ಮಷಿನ್‌ಗೆ ವಾಪಸ್ ಬರೋಣ. ಅದರ ದೊಡ್ಡ ಗುಣ, ಈ ಜಾತಿಯ ರ‍್ಯಾಮ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಒಂದು ಬಿಟ್ ಅದಲುಬದಲಾದರೆ ಸರಿ ಮಾಡುತ್ತದೆ, ಎರಡಾದರೆ ಎಚ್ಚರಿಸುತ್ತದೆ. ಎರಡು ದಿನ ಓಡುವ ಲೆಕ್ಕಕ್ಕೆ ಇದು ಬೇಕೇ ಬೇಕು. ಬಿಟ್ ಯಾಕೆ ಅದಲುಬದಲಾಗುತ್ತದೆ ಅನ್ನುವುದರಲ್ಲೂ ನನ್ನ ಸೀಸ ಬಂದು ಕೂರುತ್ತದೆ ನೋಡಿ. 1970ರ ದಶಕದ ಕೊನೆಯಲ್ಲಿ ಚಿಪ್‌ನ ಹೊರಕವಚದಲ್ಲಿದ್ದ ಯುರೇನಿಯಂ, ಥೋರಿಯಂ ಕಸದಿಂದ ಬರುವ ಆಲ್ಫಾ ಕಣಗಳು ಮೆಮೊರಿ ಕೆಡಿಸುತ್ತವೆ ಅಂತ ಪತ್ತೆಯಾಯಿತು. ಬೆಸುಗೆಯ ಸೀಸದಲ್ಲೂ ಅದೇ ಗೋಳು. ಸೀಸ-210 ಬಿಸ್ಮತ್ ಆಗಿ, ಬಿಸ್ಮತ್ ಐದು ದಿನದ ಅರ್ಧಾಯುವಿನಲ್ಲಿ ಪೊಲೋನಿಯಂ ಆಗಿ, ಪೊಲೋನಿಯಂ ಆಲ್ಫಾ ಕಣ ಉಗುಳುತ್ತದೆ. ಈಗ ಬೆಸುಗೆಯಲ್ಲಿ ಸೀಸ ಬಳಸುವುದು ಕಡಿಮೆಯಾಗಿದೆ. ಆದರೂ ನನ್ನ ಲೆಕ್ಕದಲ್ಲಿ ಎಂದಾದರೂ ಒಂದು ಬಿಟ್ ತಪ್ಪಿದರೆ, ಯಾವ ಲೆಕ್ಕ ಹಾಕುತ್ತಿದ್ದೆನೋ ಅದೇ ಎದ್ದು ಬಂದು ಕೆಡಿಸಿತು ಅಂತ ಹೇಳುವ ನೆಪವಾದರೂ ಸಿಗುತ್ತದೆ.

ಎರಡನೇ ಗುಣ ಕೋರ್‌ಗಳು. ಇದರಲ್ಲಿ ನನ್ನ ಅಂದಾಜು ತಲೆಕೆಳಗಾಯಿತು, ಕೊಳ್ಳುವವರು ಇದನ್ನು ಗಮನಿಸಬೇಕು. ಮಾರ್ಚ್‌ನಲ್ಲಿ ಗೈಡ್ ಒಂದು ಬೇರೆ ದಾರಿ ತೋರಿಸಿದರು. ಅದರಲ್ಲಿ ಆ 40 ಜಿಬಿ ಕೋಷ್ಟಕವನ್ನು ಕಟ್ಟುವುದೇ ಇಲ್ಲ. ನ್ಯೂಕ್ಲಿಯಸ್‌ಗೆ ಒಂದು ಸಣ್ಣ ತಳ್ಳು ಕೊಟ್ಟು, ಹೇಗೆ ಅಲುಗುತ್ತದೆ ಅಂತ ನೋಡಿ ನೋಡಿ ಉತ್ತರ ತಿದ್ದಿಕೊಳ್ಳುವುದು. ಜಪಾನಿನವರು 2007ರಲ್ಲಿ ತಂದ ಉಪಾಯ, ಆಮೇಲೆ ಬೀಟಾ ಕ್ಷಯಕ್ಕೂ ಒಗ್ಗಿಸಿದ್ದಾರೆ. ಇದಕ್ಕೆ ರ‍್ಯಾಮ್ ಬಹಳ ಕಡಿಮೆ ಸಾಕು! 128 ಜಿಬಿಗಾಗಿ ಚೌಕಾಸಿ ಮಾಡಿ, ಮೊಣಕಾಲು ಜಜ್ಜಿಸಿಕೊಂಡು ತಂದವಳಿಗೆ ಹೇಗಾಗಬೇಡ? ಆದರೆ ಒಂದೊಂದು ಶಕ್ತಿಯ ಲೆಕ್ಕವೂ ಬೇರೆ ಬೇರೆ, ಒಂದಕ್ಕೊಂದು ಕಾಯಬೇಕಿಲ್ಲ. 24 ಕೋರ್‌ಗೂ ಒಂದೊಂದು ಹಂಚಿಬಿಡಬಹುದು. ಹಾಗಾಗಿ 54 ಸಾವಿರ ನೀರಿಗೆ ಹೋಗಲಿಲ್ಲ. ಇಂದು ಕೊಳ್ಳುವುದಾದರೆ ನಾನು 64 ಜಿಬಿ ಸಾಕು ಅನ್ನುತ್ತೇನೆ, ಕೋರ್ ಜಾಸ್ತಿ ಕೇಳುತ್ತೇನೆ.

ಈಗ ಗೋಳುಗಳು. ಸದ್ದು! ಪೂರಾ ಲೋಡ್ ಬಿದ್ದರೆ ಫ್ಯಾನ್‌ಗಳು ಏರ್ ಪಂಪ್ ತರ ಕೂಗುತ್ತವೆ. ಮೊದಲು ಪಡಸಾಲೆಯಲ್ಲಿಟ್ಟಿದ್ದೆ. ಅತ್ತೆಯವರು ಎರಡು ದಿನ ಸಹಿಸಿಕೊಂಡರು. ಮೂರನೇ ದಿನ ಬೆಳಿಗ್ಗೆ, "ಏನ್ ಯವ್ವಾ, ನಿನ್ನ ಗಿರಣಿ ಬಂದ್ ಆಗಂಗೇ ಇಲ್ಲೇನ? ಹಿಟ್ಟರ ಕೊಡತೈತೇನ್ ಅದು?" ಅಂದರು. ಮೇಲಿನ ಕೋಣೆಗೆ ಸಾಗಿಸಿದೆ.

ಮೇಲಿನ ಕೋಣೆ ಅಂದರೆ ಮಾಳಿಗೆಯ ಬಿಸಿಲು ನೇರ ತಲೆ ಮೇಲೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಧ್ಯಾಹ್ನ ಪ್ರೊಸೆಸರ್ 90 ಡಿಗ್ರಿ ಮುಟ್ಟಿ, ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತಿತ್ತು. ರಾತ್ರಿ ಆರು ತಾಸಿನ ಕೆಲಸಕ್ಕೆ ಹಗಲು ಒಂಬತ್ತು ತಾಸು. ಕೂಲರ್ ಹಚ್ಚಬಹುದಿತ್ತು, ಆದರೆ ಅದರ ಹಸಿ ಗಾಳಿ ಮಷಿನ್‌ಗೆ ಬೇಡ ಅಂತ ಅಂಗಡಿಯವನು ಗದರಿದ. ಈಗ ರಾತ್ರಿ ಹತ್ತಕ್ಕೆ ಹಚ್ಚಿ ಬೆಳಿಗ್ಗೆ ಆರಕ್ಕೆ ನಿಲ್ಲಿಸುತ್ತೇನೆ. ಧೂಳಂತೂ ಹೇಳತೀರದು. ತಿಂಗಳಿಗೊಮ್ಮೆ ಮುಂದಿನ ಜಾಲರಿ ಬಿಚ್ಚಿ ಜಾಡಿಸದಿದ್ದರೆ ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ.

ಕರೆಂಟ್ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಪೂರಾ ಲೋಡ್‌ನಲ್ಲಿ ಸುಮಾರು 350 ವ್ಯಾಟ್ ಎಳೆಯುತ್ತದೆ. ಹಗಲು ರಾತ್ರಿ ಓಡಿಸಿದರೆ ದಿನಕ್ಕೆ 8.4 ಯೂನಿಟ್, ತಿಂಗಳಿಗೆ 252. ಗೃಹಜ್ಯೋತಿಯ ಮಿತಿ 200. ಮಾರ್ಚ್‌ನಲ್ಲಿ ನಮ್ಮ ಮನೆಗೆ ಸೊನ್ನೆ ಬಿಲ್ಲು ಹೋಗಿ ಪೂರಾ ಬಿಲ್ಲು ಬಂತು. ಯಜಮಾನರು ಬಿಲ್ಲನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಕೆಳಗೆ "ಸೀಸ" ಅಂತ ಬರೆದರು. ರಾತ್ರಿ ಮಾತ್ರ ಓಡಿಸಲು ಶುರು ಮಾಡಿದ್ದಕ್ಕೆ ಬಿಸಿಲಿಗಿಂತ ಇದೇ ದೊಡ್ಡ ಕಾರಣ.

ಕರೆಂಟ್ ಹೋದರೆ? ಒಮ್ಮೆ ಹೋಯಿತು, ಹನ್ನೊಂದು ತಾಸು ಓಡಿದ ಮೇಲೆ. ಮನೆಯ ಇನ್ವರ್ಟರ್ ಬದಲಿಸಿಕೊಳ್ಳುವ ಆ ಒಂದು ಕ್ಷಣಕ್ಕೇ ಮಷಿನ್ ಆರಿತು. ಅವತ್ತು ಅತ್ತಿದ್ದೇನೆ. ಆಮೇಲೆ ಒಂದು ಯುಪಿಎಸ್ ತಂದೆ, ಅದೂ ಸೆಕೆಂಡ್ ಹ್ಯಾಂಡ್, ಬ್ಯಾಟರಿ ಮಾತ್ರ ಹೊಸದು. ಪ್ರತಿ ಅರ್ಧ ತಾಸಿಗೆ ಅಲ್ಲಿಯವರೆಗಿನ ಲೆಕ್ಕವನ್ನು ಡಿಸ್ಕ್‌ಗೆ ಬರೆದಿಡುವಂತೆ ಪ್ರೋಗ್ರಾಂ ತಿದ್ದಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಅಂಗಡಿಯ ಸರ್ವಿಸ್ ಬಗ್ಗೆ ಒಂದು ದೂರು ಇದೆ. ವಾರಂಟಿ ಮುಗಿಯಲು ಹತ್ತು ದಿನ ಇರುವಾಗ ಒಂದು ಪಟ್ಟಿ ಪದೇ ಪದೇ ತಪ್ಪು ತಿದ್ದಿಕೊಳ್ಳುತ್ತಿದೆ ಅಂತ ಲಾಗ್‌ನಲ್ಲಿ ಕಂಡಿತು. ಮೊದಲು ರಬ್ಬರ್ ಉಜ್ಜಿದ. ಹೋಗಲಿಲ್ಲ. ಆಮೇಲೆ "ತರಸ್ತೀನ್ರಿ" ಅಂದ. ಇವತ್ತು, ನಾಳೆ, ಸೋಮವಾರ, ಅಮಾವಾಸ್ಯೆ ಮುಗಿದ ಮೇಲೆ ಅಂತ ಮೂರು ವಾರ ಓಡಾಡಿಸಿದ. ವಾರಂಟಿ ಮುಗಿಯಿತಲ್ಲ ಅಂತ ಒಂದು ಸಲ ನಗುತ್ತಾ ಹೇಳಿಯೂ ನೋಡಿದ. ಬಿಲ್ಲಿನ ಹಿಂದೆ ದೂರು ಕೊಟ್ಟ ತಾರೀಖು ಅವನ ಕೈಯಲ್ಲೇ ಬರೆಸಿಟ್ಟಿದ್ದೆ, ಅದನ್ನು ತೋರಿಸಿದ ಮೇಲೆ ಬದಲಿಸಿದ. ಬದಲಿಸಿದ ಪಟ್ಟಿ ಇಂದಿಗೂ ಚೆನ್ನಾಗಿದೆ. ದೂರು ಇದ್ದರೂ ಮತ್ತೆ ಅವನ ಹತ್ತಿರವೇ ಹೋಗುತ್ತೇನೆ. ಡಬ್ಬ ಬಿಚ್ಚಿ ತೋರಿಸುತ್ತಾನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾನೆ.

ನನ್ನ ಮಾರ್ಕು ಮಷಿನ್‌ಗೆ 10ಕ್ಕೆ 8, ಸರ್ವಿಸ್‌ಗೆ 6. ಎಂಎಸ್‌ಸಿ ಪ್ರಾಜೆಕ್ಟ್ ಮಾಡುವ ಹುಡುಗರು ಇದನ್ನು ಕೊಳ್ಳಬೇಡಿ, ದುಂಡಗಿನ ನ್ಯೂಕ್ಲಿಯಸ್‌ಗಳಿಗೆ ನಿಮ್ಮ ಲ್ಯಾಪ್‌ಟಾಪೇ ಜಾಸ್ತಿ ಆಯಿತು. ಮನೆಯಲ್ಲಿ ಮೇಲಿನ ಕೋಣೆ ಇಲ್ಲದವರೂ ಯೋಚಿಸಿ. ಉಳಿದವರು ಗಾಂಧಿ ಚೌಕದ ಸುತ್ತ ಕಬ್ಬಿಣದ ಮೆಟ್ಟಿಲು ಹುಡುಕಿರಿ. ಹೋದ ವಾರ ಹೋದಾಗ ಇದೇ ಜಾತಿಯ ಇನ್ನೊಂದು ಡಬ್ಬ ಕಂಡಿತು, 64 ಜಿಬಿಯದು. 50 ಅನ್ನುತ್ತಾನೆ, 42ಕ್ಕೆ ಬರುತ್ತಾನೆ. ಹೋಗುವಾಗ ಒಂದು ಹೊಸ ರಬ್ಬರ್ ಒಯ್ಯಿರಿ. ಅವನದು ಪೂರಾ ಸವೆದಿದೆ.